ಸೇತುವೆಯ ಮೇಲೆ ಅವಳು ಏನಂದಳು

ಮಾರ್ಚ್ 9

ಅಸಿಲ್‌ಕಾನ್ ಈ ಸಲ ನಿಜವಾಗಿಯೂ ಹೋಗುತ್ತಾಳಂತೆ. ನೊರೂಜ್ ಹಬ್ಬ ಮುಗಿಸಿಕೊಂಡು ತಲಾಸ್‌ನಲ್ಲಿರುವ ತಂಗಿಯ ಮನೆಗೆ, ಅಲ್ಲೇ ಇದ್ದುಬಿಡುವುದಕ್ಕೆ. "ಅಲ್ಲಿ ಕರೆದ್ರೆ ಓ ಅನ್ನೋಕೆ ಒಂದು ಜೀವ ಇದೆ" ಅಂದಳು. ಅಂದಳೋ ಇಲ್ಲವೋ, ಮುಖ ಮಾತ್ರ ಹಾಗಿತ್ತು.

ಕಾರಣ ಇಷ್ಟೇ. ಮೊನ್ನೆ ಬೆಳಿಗ್ಗೆ ಅಂಗಳದಿಂದ ಒಳಗೆ ಬಂದು ಏನೋ ಹೇಳಿದಳು. ನಾನು ಚಹಾ ಕುಡಿಯುತ್ತಾ "ಹೂಂ, ಒಳ್ಳೇದೇ ಆಯ್ತು ಬಿಡು" ಅಂದೆ. ಆಲೂಗಡ್ಡೆಯ ವಿಷಯ ಇರಬೇಕು ಅಂದುಕೊಂಡಿದ್ದೆ. ಅವಳು ಹೇಳಿದ್ದು, ಕೊಟ್ಟಿಗೆಯ ಮುಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ, ಸೊಂಟ ಹಿಡಿದುಕೊಂಡಿದೆ ಎಂದು. ಕುಂಟುವುದನ್ನು ನೋಡಿದ ಮೇಲೆ ಗೊತ್ತಾಯಿತು. ಅಷ್ಟಕ್ಕೆ ಮದುವೆಯಾದಂದಿನಿಂದ ಇಲ್ಲಿಯವರೆಗಿನ ನನ್ನ ತಪ್ಪುಗಳನ್ನೆಲ್ಲ ಎಳೆದು ತಂದು ಅಂಗಳದಲ್ಲಿ ಹರವಿದಳು.

ನನ್ನ ಕಿವಿ ಸರಿಯಾಗಿಯೇ ಇದೆ. ಈಗಿನ ಜನ ಅರ್ಧ ಮಾತನ್ನು ಬಾಯಲ್ಲೇ ಉಳಿಸಿಕೊಳ್ಳುತ್ತಾರೆ. ಇಡೀ ಜಿಲ್ಲೆಗೆ ಪಶುವೈದ್ಯನಾಗಿದ್ದವನು ನಾನು, ಒಂದು ಕುರಿಯೂ "ಡಾಕ್ಟ್ರೇ, ಕೇಳಿಸ್ತಾ?" ಎಂದು ಕೇಳಿದ್ದಿಲ್ಲ. ಮಗಳು ರಷ್ಯಾದಿಂದ ಕಿವಿಗೆ ಇಡುವ ಮಿಷನ್ ಕಳಿಸಿದ್ದಾಳೆ. ಇಟ್ಟುಕೊಂಡರೆ ಮಾರನೆಯ ದಿನವೇ ನಾರಿನ್ ಪೇಟೆಯಲ್ಲೆಲ್ಲ ಸುದ್ದಿ: ಬಿಳಿಗಡ್ಡದವರ ಕೋರ್ಟಿನ ಅಧ್ಯಕ್ಷ ಕಿವುಡ! ಕೇರಿಯ ಜಗಳ ಬಗೆಹರಿಸಲು ಜನರೇ ಆರಿಸಿದ ಐದು ಹಿರಿಯರಲ್ಲಿ ಮೊದಲ ಕುರ್ಚಿ ನನ್ನದು. ಎರಡೂ ಕಡೆಯವರು ಮಾತಾಡಿದ ಮೇಲೆ ನಾನು ಒಮ್ಮೆ "ಹೂಂ" ಅಂದರೆ ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ಅಂಥ "ಹೂಂ" ಬೇರೆ ಯಾರಿಗೂ ಬರುವುದಿಲ್ಲ.

ಹೋಗಲಿ ಬಿಡು. ಎರಡು ದಿನ ಇದ್ದು ಬರುತ್ತಾಳೆ.

ಮಾರ್ಚ್ 14

ಊರಿನ ಚಿತ್ರಮಂದಿರಕ್ಕೆ "ನಿನ್ನೆಯ ನಂತರ ಮೊನ್ನೆ" ಬಂದಿದೆ. ಪ್ರಪಂಚವೆಲ್ಲ ಮುಗಿಬಿದ್ದು ನೋಡುತ್ತಿರುವ ಸಿನಿಮಾ ಅಂತೆ. ಅವಳು ಚೀಲಕ್ಕೆ ಬಟ್ಟೆ ತುಂಬುವುದನ್ನು ನೋಡುತ್ತ ಕೂರುವುದಕ್ಕಿಂತ ವಾಸಿ ಎಂದು ಹೋದೆ.

ಕಥೆ ಹೀಗಿದೆ. ಕಬ್ಬಿಣದ ಮುಖವಾಡ ಹಾಕಿಕೊಂಡ ಒಬ್ಬ ಓಡುತ್ತಾನೆ. ಆಮೇಲೆ ಹಿಮ್ಮುಖವಾಗಿ ಓಡುತ್ತಾನೆ. ಕಟ್ಟಡ ಬೀಳುತ್ತದೆ, ಬಿದ್ದ ಕಟ್ಟಡ ಎದ್ದು ನಿಲ್ಲುತ್ತದೆ. ಒಬ್ಬ ಮುದುಕ ಬಂದು ಬಹಳ ಮುಖ್ಯವಾದದ್ದೇನೋ ಹೇಳುತ್ತಾನೆ, ಸರಿಯಾಗಿ ಅದೇ ಹೊತ್ತಿಗೆ ನಗಾರಿ ಕಹಳೆ ಎಲ್ಲ ಒಟ್ಟಿಗೆ ಎದ್ದುಬಿಡುತ್ತವೆ. ರಷ್ಯನ್ ಭಾಷೆಗೆ ಡಬ್ ಮಾಡಿದ್ದಾರೆ, ಆದರೆ ಚಹಾ ಕಾಯಿಸುವ ಸಮೋವಾರ್ ಒಳಗೆ ತಲೆ ಹಾಕಿಕೊಂಡು ಆಡಿದ ಮಾತಿನ ಹಾಗಿದೆ. ಕೊನೆಗೆ ಒಂದು ಸೇತುವೆ. ನಾಯಕಿ ಓಡಿ ಬಂದು ನಾಯಕನಿಗೆ ಒಂದು ಮಾತು ಹೇಳುತ್ತಾಳೆ. ಸಂಗೀತಕ್ಕೆ ಕುರ್ಚಿ ನಡುಗುತ್ತದೆ. ಅವನು ಮುಖವಾಡ ತೆಗೆದು ತಲೆಯಾಡಿಸುತ್ತಾನೆ. ಮುಗಿಯಿತು, ದೀಪ ಹಾಕಿದರು.

ನಡುವೆಯೇ ಯಾರೋ "ಸೌಂಡ್ ಕೊಡ್ರೋ!" ಎಂದು ಕೂಗಿದ. ಅದು ನನಗೂ ಕೇಳಿಸಿತು. ಚಿತ್ರಮಂದಿರ ನಡೆಸುವ ದಮೀರಾ ಓಡಿ ಬಂದು ಪರದೆಯ ಮುಂದೆ ನಿಂತಳು.

"ಸೌಂಡ್ ಪೂರ್ತಿ ಇದೆ ಕಣ್ರಪ್ಪ! ಇನ್ನೂ ಜಾಸ್ತಿ ಮಾಡಿದ್ರೆ ಗೋಡೆ ಸುಣ್ಣ ಉದುರುತ್ತೆ!"

"ಮತ್ತೆ ಮಾತ್ಯಾಕೆ ಕೇಳಲ್ಲ?"

"ಹಂಗೇ ಮಾಡಿರೋದಂತೆ! ಮಾಡಿದೋರಿಗೆ ಹಂಗೇ ಇಷ್ಟವಂತೆ!"

ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಿವಿಗೇ ಬಾಯಿಟ್ಟು, "ಅಜ್ಜ, ಅವಳು ಸೇತುವೆ ಮೇಲೆ ಏನಂದ್ಲು?" ಎಂದು ಕೇಳಿದಳು.

"ಕೇಳಿಸಲಿಲ್ಲಮ್ಮ" ಅಂದೆ.

"ನಂಗೂ" ಅಂದಳು. ಆಚೆಯವನೂ ಬಗ್ಗಿ "ನಂಗೂ" ಅಂದ. ಹೊರಗೆ ಬಂದರೆ ಮೆಟ್ಟಿಲ ಮೇಲೆಲ್ಲ ಅದೇ ಮಾತು. ಇಷ್ಟು ಸಂತೋಷ ನನಗೆ ಮೊಮ್ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಇಡೀ ಊರಿಗೇ ಕೇಳಿಸಿಲ್ಲ!

ಮಾರ್ಚ್ 15

ಮತ್ತೆ ಹೋದೆ. ಮತ್ತೆ ಯಾರಿಗೂ ಕೇಳಿಸಲಿಲ್ಲ. ಬಹಳ ಒಳ್ಳೆಯ ಸಿನಿಮಾ.

ಪೇಟೆಯಲ್ಲಿ ಬೇರೆ ಮಾತೇ ಇಲ್ಲ. ರೊಟ್ಟಿ ಅಂಗಡಿಯವನ ಪ್ರಕಾರ ನಾಯಕ ಮೊದಲಿನಿಂದಲೂ ಸತ್ತಿದ್ದಾನೆ. ಹಲ್ಲಿನ ಡಾಕ್ಟರು ದಿನಾ ನೋಡಿ ಬಂದು, ಯೋಚನೆ ಮಾಡಬೇಕೆಂದು ಆಸ್ಪತ್ರೆ ಬಾಗಿಲು ಹಾಕಿದ್ದಾರೆ. ಹೊರಗೆ ದವಡೆ ಹಿಡಿದುಕೊಂಡು ಕೂತವರೂ ಸಿನಿಮಾದ ಬಗ್ಗೆಯೇ ವಾದ ಮಾಡುತ್ತಿದ್ದಾರೆ. ಅರ್ಥವಾಯಿತು ಎಂದು ಹೇಳಿದವನು ಒಬ್ಬನೇ, ಅಂಚೆ ಕಚೇರಿಯವನು. ಏನು ಅರ್ಥವಾಯಿತು ಅಂದರೆ "ನಿಮಗೆ ಹೇಳಿದ್ರೆ ಅರ್ಥ ಆಗಲ್ಲ" ಅನ್ನುತ್ತಾನೆ. ಅವನೊಂದಿಗೆ ಊರು ಮಾತು ಬಿಟ್ಟಿದೆ.

ನಾನು ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ, ಸೇತುವೆಯ ಮೇಲೆ ಅವಳು ಏನಂದಳು ಎಂದು ಕೇಳುತ್ತಿದ್ದೇನೆ. ಒಬ್ಬೊಬ್ಬರದು ಒಂದೊಂದು ಉತ್ತರ. ತಿಳಿಯದಿದ್ದರೆ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತೇನೆ. ಸಿನಿಮಾದ ವಿಷಯ ನೋಡು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮಾರ್ಚ್ 17

ಅಸಿಲ್‌ಕಾನ್‌ಳನ್ನು ಬಲವಂತ ಮಾಡಿ ಕರೆದುಕೊಂಡು ಹೋದೆ. ಸಾಕ್ಷಿಗೆ.

ಸೊಂಟ ಹಿಡಿದುಕೊಂಡು, ಬೋರ್ಸೋಕ್ ರೊಟ್ಟಿ ಕರಿದು ಕೈಚೀಲದಲ್ಲಿಟ್ಟುಕೊಂಡು ಬಂದಳು. ಸಿನಿಮಾ ಉದ್ದಕ್ಕೂ ನಾನು ನೋಡಿದ್ದು ಪರದೆಯನ್ನಲ್ಲ, ಅವಳ ಮುಖವನ್ನು. ಹುಬ್ಬು ಗಂಟಾಯಿತು. ಮುಂದಕ್ಕೆ ಬಾಗಿದಳು. ಒಂದು ಕಿವಿಯ ಮೇಲಿನ ವಸ್ತ್ರ ಸರಿಸಿದಳು. ಜಯ ನನ್ನದೇ ಅಂದುಕೊಂಡೆ.

ಹೊರಗೆ ಬಂದ ತಕ್ಷಣ ಕೇಳಿದೆ, "ಹೇಳೀಗ! ಕೇಳಿಸ್ತಾ ನಿಂಗೆ?"

"ಇಲ್ಲ."

"ಒಂದು ಮಾತಾದ್ರೂ?"

"ಇಲ್ಲ ಅಂದ್ನಲ್ಲ."

"ಮತ್ತೆ! ಕಿವುಡು ನಾನಲ್ಲ, ಕಾಲ! ನೀನೂ ಕಿವುಡಿ, ದಮೀರಾನೂ ಕಿವುಡಿ, ಊರೇ ಕಿವುಡು!"

ಜನ ತಿರುಗಿ ನೋಡಿದರು. ಅವಳು ನನ್ನ ತೋಳು ಹಿಡಿದು, ಮುಖದ ಹತ್ತಿರ ಮುಖ ತಂದು, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ಎಲ್ರಿಗೂ ಕೇಳಿಸಲ್ಲ, ಸರಿ. ಆದ್ರೆ ಎಲ್ರೂ ಪಕ್ಕದೋರ್ನ ಏನಂದ ಏನಂದ ಅಂತ ಕೇಳ್ತಾರೆ. ಮಿಷನ್ ಹಾಳಾಗಿ ಹೋಗ್ಲಿ ಮುದುಕಾ. ನೀನು ಒಂದು ದಿನ ನನ್ನ 'ಏನಂದೆ' ಅಂತ ಕೇಳಿದೀಯಾ? ಹೂಂ ಅಂತೀಯ. ನಾನು ಸಾಯ್ತಾ ಇದ್ದೀನಿ ಅಂದ್ರೂ ಹೂಂ ಅಂತೀಯ."

ಮಾತು ತಿರುಗಿಸುವುದರಲ್ಲಿ ಇವಳನ್ನು ಮೀರಿಸುವವರಿಲ್ಲ. ಸೋತೆ ಎಂದು ಒಪ್ಪಿಕೊಳ್ಳಲು ಏನು ಕಷ್ಟವೋ.

ಮಾರ್ಚ್ 18

ಸಾಪಾರ್‌ನ ಟ್ಯಾಕ್ಸಿಗೆ ಹೇಳಿಟ್ಟಿದ್ದಾಳೆ. ಇಪ್ಪತ್ತೇಳಕ್ಕೆ.



ಮಾರ್ಚ್ 22

ನೊರೂಜ್ ಹೀಗೆ ಮುಗಿಯುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಬೆಳಿಗ್ಗೆ ಮುಕಾಯ್‌ನ ಅಂಗಳದಲ್ಲಿ ಮೊಳಕೆ ಗೋಧಿಯ ಸುಮೋಲೋಕ್ ಗಂಜಿ ಹಂಚುತ್ತಿದ್ದರು. ಮುಕಾಯ್ ಕಟುಕ, ಟ್ಯಾಕ್ಸಿ ಓಡಿಸುವ ಸಾಪಾರ್ ಅವನ ಬೀಗ. ಸಾಪಾರ್‌ನ ಮಗಳು ಐಜಾತ್ ಮುಕಾಯ್‌ನ ಮನೆಯ ಸೊಸೆ. ಕೇರಿಗೇ ಮಾದರಿಯಾಗಿದ್ದ ಬೀಗರು. ಸೌಟು ತಿರುವುತ್ತಾ ತಿರುವುತ್ತಾ ಸಿನಿಮಾದ ಮಾತು ಬಂತು.

"ಹೊಲಸು ಸಿನಿಮಾ" ಅಂದ ಮುಕಾಯ್. "ಆ ಹುಡುಗಿ ಅವನ ಮರಿಮಗಳು. ಸೇತುವೆ ಮೇಲೆ 'ಮುತ್ತಜ್ಜ' ಅಂತಾಳೆ. ಏಳು ತಲೆಮಾರಿನ ಒಳಗೆ ಪ್ರೀತಿ! ಥೂ!"

"ಅಯ್ಯೋ ಬೀಗ್ರೇ, ಅವಳು ಹೇಳಿದ್ದು 'ರೈಲು ಹೋಯ್ತು' ಅಂತ. ನಾನು ನೆಟ್ಟಗೆ ಕೇಳಿಸ್ಕೊಂಡೆ."

"ಸೇತುವೆ ಮೇಲೆ ರೈಲೆಲ್ಲಿಂದ ಬಂತು?"

"ಬರ್ಲಿಲ್ಲ, ಅದಕ್ಕೇ ಹೋಯ್ತು ಅಂದಿದ್ದು! ಅವರಿಬ್ರೂ ಬೇರೆ ಬೇರೆ ಕಾಲದೋರು. ಬೇರೆ ಕಾಲ ಅಂದ್ಮೇಲೆ ತಲೆಮಾರು ಹೊಸದಾಗಿ ಎಣಿಸ್ಬೇಕು."

ಆಗ ಮುಕಾಯ್ ಆಡಬಾರದ ಮಾತಾಡಿದ. "ನಿಮ್ಮನೇಲಿ ಹಂಗೇ ಎಣಿಸೋದೇನೋ. ಏಳು ತಲೆಮಾರು ಎಣಿಸೋಕೆ ಬರದೋರಿಗೆ ಇಂಥ ಸಿನಿಮಾ ಹಿಡಿಸದೆ ಇರುತ್ತಾ?"

ನಮ್ಮಲ್ಲಿ ಏಳು ತಲೆಮಾರಿನೊಳಗೆ ಮದುವೆ ನಿಷಿದ್ಧ, ಅಷ್ಟು ಹಿರಿಯರನ್ನು ಎಣಿಸಲು ಬಾರದವನು ಕುಲಗೆಟ್ಟವನ ಲೆಕ್ಕ. ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ವಾಸಿ ಇತ್ತು. ಸಾಪಾರ್ ಬಟ್ಟಲನ್ನು ನೆಲಕ್ಕಿಟ್ಟು, ಮಗಳ ಕೈಹಿಡಿದು ನಡೆದೇಬಿಟ್ಟ. ಐಜಾತ್ ಕೈಯಲ್ಲಿ ಸೌಟು ಹಾಗೇ ಇತ್ತು. ಅವಳ ಗಂಡ ಗಂಜಿ ತುಂಬಿದ ಬಾಯಿ ತೆರೆದುಕೊಂಡು ನಿಂತಿದ್ದ. ಇಬ್ಬರೂ ಕೋರ್ಟಿಗೆ ಬರುತ್ತಾರಂತೆ.

ಮಾರ್ಚ್ 24

ಕೋರ್ಟು ಕೂತಿತು. ಕೆಲಸ ಸುಲಭ ಅಂದುಕೊಂಡಿದ್ದೆವು: ನಾಯಕನ ಏಳು ತಲೆಮಾರು ಎಣಿಸುವುದು, ನಾಯಕಿ ಅದರಲ್ಲಿ ಬರುತ್ತಾಳೋ ಇಲ್ಲವೋ ನೋಡುವುದು. ಬಂದರೆ ಮುಕಾಯ್ ಗೆದ್ದ. ಬಾರದಿದ್ದರೆ ಸಾಪಾರ್ ಗೆದ್ದ, ಮುಕಾಯ್ ತಪ್ಪೊಪ್ಪಿಕೊಂಡು ಕುರಿ ಕಡಿಯಬೇಕು, ಐಜಾತ್ ಗಂಡನ ಮನೆಗೆ ಹೋಗಬೇಕು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಕಾಸಿಮಾಲಿ ಹಳೆ ಕ್ಯಾಲೆಂಡರಿನ ಬೆನ್ನ ಮೇಲೆ ಗೆರೆ ಎಳೆಯತೊಡಗಿದ.

"ನಾಯಕನ ಅಪ್ಪ ಯಾರು?"

"ಆ ಮುದುಕ" ಅಂದರು ಎಲ್ಲರೂ.

"ಮುದುಕನ ಅಪ್ಪ?"

"ನಾಯಕ. ಹಿಂದಕ್ಕೆ ಓಡ್ತಾನಲ್ಲ, ಆಗ."

ಕಾಸಿಮಾಲಿ ಗೆರೆ ಎಳೆದ. ಅದು ಸುತ್ತಿ ಹೊರಟಲ್ಲಿಗೇ ಬಂತು. ಇನ್ನೊಂದು ಹಾಳೆ ತೆಗೆದುಕೊಂಡು ಮತ್ತೆ ಎಳೆದ. ಮತ್ತೆ ಅಲ್ಲಿಗೇ ಬಂತು.

"ಹಂಗಾದ್ರೆ ಇವನು ತನಗೆ ತಾನೇ ತಾತ" ಅಂದ.

ಆಮೇಲೆ ಬುರುಲ್‌ಸುನ್ ಅಜ್ಜಿ, ನಮ್ಮ ಐವರಲ್ಲಿ ಒಬ್ಬಳೇ ಹೆಂಗಸು, ಕೇಳಿದಳು: "ಅಲ್ಲ, ತನಗೆ ತಾನೇ ತಾತ ಆದೋನು ಹಬ್ಬದ ಊಟಕ್ಕೆ ಬಂದ ಅನ್ನಿ. ಮೇಲಿನ ಸಾಲಲ್ಲಿ ಕೂರಿಸ್ಬೇಕೋ, ಬಾಗಿಲ ಹತ್ರ ಮೊಮ್ಮಕ್ಕಳ ಜೊತೆನೋ?"

"ತಾತ ಅಂದ್ಮೇಲೆ ಮೇಲಿನ ಸಾಲು. ಕುರಿ ತಲೆನೂ ಅವನಿಗೇ."

"ಆ ತಲೆ ಕುಯ್ದು ಕಿವಿ ಮೊಮ್ಮಗನಿಗೆ ಕೊಡ್ಬೇಕಲ್ಲ, ಯಾರಿಗೆ ಕೊಡ್ತಾನೆ?"

"ತಾನೇ ತಿಂತಾನೆ."

"ಛೆ, ಪಾಪ" ಅಂದಳು ಬುರುಲ್‌ಸುನ್.

ಇದರಲ್ಲೇ ಮಧ್ಯಾಹ್ನವಾಯಿತು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು, "ಹೂಂ" ಬರಲಿ ಎಂದು. ನನಗೆ ಬುರುಲ್‌ಸುನ್ ಹೇಳಿದ ಒಂದು ಮಾತು ಸಿಕ್ಕಿರಲಿಲ್ಲ. "ಏನಂದೆ ಅಕ್ಕ, ಇನ್ನೊಂದ್ಸಲ ಹೇಳು" ಅಂದೆ. ಅವಳು ಹೇಳಿದಳು. ಎಲ್ಲರ ವಾದವೂ ಸೇತುವೆಗೇ ಬಂದು ನಿಲ್ಲುತ್ತಿತ್ತು. ಆದ್ದರಿಂದ ಕೋರ್ಟೇ ಚಿತ್ರಮಂದಿರಕ್ಕೆ ಹೋಗಿ, ಆ ಜಾಗವನ್ನು ಪರೀಕ್ಷಿಸತಕ್ಕದ್ದು ಎಂದು ಆಜ್ಞೆ ಮಾಡಿದೆ.

ಮನೆಯಲ್ಲಿ ಚೀಲದ ಬಾಯಿ ಕಟ್ಟಿ ಬಾಗಿಲ ಪಕ್ಕ ಇಟ್ಟಿದ್ದಾಳೆ. ಅದನ್ನು ದಾಟಿಕೊಂಡೇ ಓಡಾಡಬೇಕು.

ಮಾರ್ಚ್ 25

ನಾವು ಐವರೂ ಮುಂದಿನ ಸಾಲಿನಲ್ಲಿ ಕೂತೆವು, ಕೋರ್ಟಿನ ಗೌರವಕ್ಕೆ ತಕ್ಕಂತೆ ಉದ್ದನೆಯ ಬಿಳಿ ಕಲ್ಪಾಕ್ ಟೋಪಿ ಹಾಕಿಕೊಂಡು. ಹಿಂದೆ ಎರಡೂ ಮನೆಯವರು, ಅವರ ಹಿಂದೆ ಊರು. ದೀಪ ಆರಿದ ಕೂಡಲೇ ಗಲಾಟೆ.

"ಟೋಪಿ ತೆಗೀರಿ ಅಜ್ಜ, ಪರದೆ ಕಾಣ್ತಿಲ್ಲ!"

"ಕೋರ್ಟು ಬರಿತಲೇಲಿ ಕೂರಲ್ಲ!" ಎಂದು ಗುಡುಗಿದ ಕಾಸಿಮಾಲಿ. ಜನ ಎದ್ದು ನಿಂತು ನೋಡಿದರು.

ದಮೀರಾ ಸೇತುವೆಯ ಭಾಗವನ್ನು ಮಾತ್ರ ಹಾಕಿದಳು. ನಾಯಕಿ ಬಂದಳು, ಬಾಯಿ ಆಡಿತು, ಕಹಳೆ ಊದಿತು, ನಾಯಕ ತಲೆಯಾಡಿಸಿದ. "ಮುತ್ತಜ್ಜ!" ಎಂದ ಮುಕಾಯ್. "ರೈಲು!" ಎಂದ ಸಾಪಾರ್. ಮತ್ತೆ ಹಾಕಿಸಿದೆವು. ಮತ್ತೆ ಹಾಕಿಸಿದೆವು. ದಮೀರಾ ಸುಸ್ತಾಗಿ ಕಿಂಡಿಯಿಂದ ತಲೆ ಹೊರಗೆ ಹಾಕಿ, "ಅಜ್ಜಂದ್ರೇ, ಅವಳಿಗೇ ಬೇಜಾರಾಗಿರುತ್ತೆ ಈಗ, ಹೇಳಿ ಹೇಳಿ!" ಅಂದಳು.

ಅಷ್ಟರಲ್ಲಿ ಅಸಿಲ್‌ಕಾನ್ ಮುಂದೆ ಬಂದಳು. ಕೋರ್ಟಿಗೆ ಚಹಾ ತಂದವಳು ಗೋಡೆಗೆ ಒರಗಿ ನಿಂತಿದ್ದಳು.

"ಅವಳ ಬಾಯಿ ನೋಡಿದ್ದು ಸಾಕು. ಅವನ ಮುಖ ನೋಡಿ" ಅಂದಳು, ಇಡೀ ಹಾಲಿಗೆ ಕೇಳಿಸುವ ಹಾಗೆ. "ಅವನಿಗೂ ಕೇಳಿಸಿಲ್ಲ."

"ಏನು?" ಎಂದ ಕಾಸಿಮಾಲಿ.

"ನಾಯಕನಿಗೂ ಕೇಳಿಸಿಲ್ಲ! ಸುಮ್ನೆ ತಲೆ ಆಡಿಸ್ತಿದ್ದಾನೆ. ಕಣ್ಣು ಎಲ್ಲೋ, ತಲೆ ಎಲ್ಲೋ. ಈ ಮುಖ ನನಗೆ ಚೆನ್ನಾಗಿ ಗೊತ್ತು."

ದಮೀರಾ ಮತ್ತೆ ಹಾಕಿದಳು. ಎಲ್ಲರೂ ಅವನ ಮುಖವನ್ನೇ ನೋಡಿದರು. ಹೌದು. ಅವನಿಗೆ ಒಂದಕ್ಷರವೂ ಕೇಳಿಸಿರಲಿಲ್ಲ. ಹಾಲೆಲ್ಲ "ಹೌದಲ್ಲ! ಹೌದಲ್ಲ!" ಎಂದು ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಲ್ಲಿನ ಡಾಕ್ಟರು ಅಳುತ್ತಿದ್ದರು.

ನನಗೆ ಸಿಟ್ಟು ಬಂತು. ಆ ನಾಯಕನ ಮೇಲೆ. ಅವಳು ಅಷ್ಟು ಕಾಲ ದಾಟಿಕೊಂಡು, ಬೆಂಕಿ ಹಾರಿಕೊಂಡು ಬಂದು ಒಂದು ಮಾತು ಹೇಳುತ್ತಿದ್ದಾಳೆ. ಕೇಳಿಸದಿದ್ದರೆ "ಏನಂದೆ" ಎನ್ನಲು ಇವನಿಗೇನು ದಾಡಿ? ಮುಖವಾಡ ತೆಗೆಯಲು ಬರುತ್ತದೆ, ಬಾಯಿ ತೆಗೆಯಲು ಬರುವುದಿಲ್ಲ! ಇಂಥವನಿಗೆ ನಾಯಕನ ಪಾತ್ರ ಕೊಟ್ಟವರು ಯಾರು?

ಮಾರ್ಚ್ 26

ತೀರ್ಪು ಓದಿದೆ. ಅವಳು ಏನೋ ಹೇಳಿದಳು, ಅವನಿಗೆ ಕೇಳಿಸಲಿಲ್ಲ. ಕೇಳಿಸದ ಮಾತಿನ ಮೇಲೆ ಸಂಬಂಧ ಕಟ್ಟುವುದಕ್ಕೂ ಆಗದು, ಕೆಡಿಸುವುದಕ್ಕೂ ಆಗದು. ಆದ್ದರಿಂದ ಏಳು ತಲೆಮಾರಿನ ದೋಷ ಸಾಬೀತಾಗಿಲ್ಲ. ಮುಕಾಯ್ ಬೀಗರಲ್ಲಿ ತಪ್ಪೊಪ್ಪಿಕೊಂಡು ಕುರಿ ಕಡಿಯತಕ್ಕದ್ದು. ನಾಯಕ ಎಂದಾದರೂ ನಾರಿನ್ ಕಡೆ ಬಂದರೆ ಕೋರ್ಟಿನ ಮುಂದೆ ನಿಲ್ಲಿಸಿ ಬುದ್ಧಿ ಹೇಳತಕ್ಕದ್ದು.

ಎಲ್ಲರೂ ಅಂಗೈ ಎತ್ತಿ, ಮುಖ ಸವರಿಕೊಂಡು ಓಮಿನ್ ಅಂದರು. ಬೀಗರು ತಬ್ಬಿಕೊಂಡರು. ಐಜಾತ್ ಸೌಟು ಹಿಡಿದುಕೊಂಡೇ ಗಂಡನ ಮನೆಗೆ ಹೋದಳು. ಇಂಥ ತೀರ್ಪು ಈ ಕೇರಿಯಲ್ಲಿ ಬಂದೇ ಇಲ್ಲ ಎಂದು ಎಲ್ಲರೂ ನನ್ನನ್ನು ಹೊಗಳಿದರು.

ಹೇಳಿಕೊಳ್ಳೋಣ ಎಂದು ಮನೆಗೆ ಬಂದರೆ ಅವಳು ನಾಳೆಗೆ ಉಡುವ ಬಟ್ಟೆ ತೆಗೆದಿಡುತ್ತಿದ್ದಳು. ಮುಕಾಯ್ ಕಟ್ಟಿಕೊಟ್ಟ ಕುರಿಯ ಮಾಂಸವನ್ನು ಹಾಗೇ ಮುಚ್ಚಿಟ್ಟೆ.

ಮಾರ್ಚ್ 27

ಬೆಳಿಗ್ಗೆ ಸಾಪಾರ್ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದ. ಹಳೆಯ ಗಾಡಿ, ಅದರ ಸದ್ದಿಗೆ ಕೇರಿಯವರೆಲ್ಲ ಹೊರಗೆ ಬಂದರು. ಇಲ್ಲದಿದ್ದರೂ ಬರುತ್ತಿದ್ದರು. ನಾನೇ ಚೀಲ ಹೊತ್ತು ಹಿಂದೆ ಇಟ್ಟೆ. ಅವಳು ಮುಂದಿನ ಸೀಟಿನಲ್ಲಿ ಕೂತು, ಕಿಟಕಿ ಇಳಿಸಿ, ನನಗೆ ಏನೋ ಹೇಳಿದಳು.

ನಾನು ತಲೆಯಾಡಿಸಿದೆ.

ಗಾಡಿ ಹೊರಟಿತು. ನಾನು ಅಲ್ಲೇ ನಿಂತಿದ್ದೆ. ನನ್ನ ಕಣ್ಣು ಎಲ್ಲಿತ್ತೋ, ತಲೆ ಎಲ್ಲಿತ್ತೋ. ಆಮೇಲೆ ಓಡಿದೆ. ನನ್ನ ವಯಸ್ಸಿನವರು ಓಡಬಾರದು, ನೋಡಲು ಚೆನ್ನಾಗಿರುವುದಿಲ್ಲ. ಟೋಪಿ ಬಿತ್ತು. ಗಾಡಿಯ ಹಿಂಬದಿಗೆ ಕೈಯಲ್ಲಿ ಬಡಿದೆ. ಸಾಪಾರ್ ಹೆದರಿ ನಿಲ್ಲಿಸಿದ.

"ಏನಂದೆ?" ಎಂದು ಕೂಗಿದೆ ಕಿಟಕಿಯೊಳಗೆ.

ಅವಳು ನನ್ನನ್ನೇ ನೋಡಿದಳು.

"ಕೇಳಿಸಲಿಲ್ಲ ಕಣೇ. ನನಗೆ ಕೇಳಿಸಲ್ಲ. ಈ ಗಾಡಿ ಸದ್ದಿಗಲ್ಲ, ಸಿನಿಮಾಗಲ್ಲ. ಮನೇಲೂ ಕೇಳಿಸಲ್ಲ. ಕೋರ್ಟಲ್ಲೂ ಕೇಳಿಸಲ್ಲ. ನೀನು ಬಿದ್ದೆ ಅಂದಿದ್ದೂ ಕೇಳಿಸಲಿಲ್ಲ."

ಕೇರಿಯೆಲ್ಲ ನಿಂತು ಕೇಳುತ್ತಿತ್ತು. ಕಾಸಿಮಾಲಿ ತನ್ನ ಗೇಟಿನ ಹತ್ತಿರ, ಬುರುಲ್‌ಸುನ್ ಬೇಲಿಯ ಆಚೆ. ಸಾಪಾರ್ ಎಂಜಿನ್ ಆರಿಸಿದ. ಕೇಳಲಿ ಅನ್ನಿಸಿತು. ಕುರ್ಚಿ ಬೇಕಾದವರು ಬಂದು ಕೂತುಕೊಳ್ಳಲಿ.

"ಒಲೆ ಮೇಲೆ ಹಾಲಿಟ್ಟಿದೀನಿ, ಇಳಿಸು ಅಂದೆ" ಅಂದಳು ಅಸಿಲ್‌ಕಾನ್, ಬಿಡಿಸಿ ಬಿಡಿಸಿ. "ನೀನು ತಲೆ ಆಡಿಸ್ದೆ."

ಇಬ್ಬರೂ ಒಟ್ಟಿಗೆ ಮನೆಯ ಕಡೆ ತಿರುಗಿದೆವು. ಅಡುಗೆಮನೆಯ ಕಿಟಕಿಯಿಂದ ಹೊಗೆ ಬರುತ್ತಿತ್ತು. ಅವಳು "ಅಯ್ಯೋ ನನ್ನ ಪಾತ್ರೆ!" ಎಂದು ಗಾಡಿಯಿಂದಿಳಿದು, ಕುಂಟುತ್ತಲೇ ನನಗಿಂತ ಮುಂಚೆ ಒಳಗೆ ಹೋದಳು. ಒಳಗಿನಿಂದ ಪಾತ್ರೆ ಎತ್ತಿ ಹಾಕಿದ ಸದ್ದು. ಬೈಗುಳ. ಆಮೇಲೆ ಇನ್ನೇನೋ ಹೇಳಿದಳು.

ಸಾಪಾರ್ ನನ್ನ ಟೋಪಿ ಎತ್ತಿಕೊಂಡು ಬಂದು ಕೊಟ್ಟ. "ಏನಂದ್ರು ಅಜ್ಜಿ? ಹೋಗೋದಾ, ಬೇಡ್ವಾ?"

"ಕೇಳಿಸಲಿಲ್ಲಪ್ಪ" ಅಂದೆ. "ಇರು, ಕೇಳ್ಕೊಂಡು ಬರ್ತೀನಿ."

ಹೊಗೆಯೊಳಗೆ ಹೋಗಿ, ಅವಳ ಎದುರಿಗೆ ನಿಂತು "ಏನಂದೆ?" ಎಂದು ಕೇಳಿದೆ.

"ಗಾಡಿ ಕಳಿಸಿಬಿಡು ಅಂದೆ."

"ಏನಂದೆ?"

"ಗಾಡಿ ಕಳಿಸಿಬಿಡು, ನಾನು ಹೋಗಲ್ಲ ಅಂದೆ!"

ಮೊದಲ ಸಲ ಕೇಳಿದಾಗಲೇ ಕೇಳಿಸಿತ್ತು. ಎರಡನೆಯ ಸಲ ಸುಮ್ಮನೆ ಕೇಳಿದೆ.